ಬಿಸಿಲಿಗಿಟ್ಟ ಗಿಡ

ನಮ್ಮ ಮನೆಯ ತಾರಸಿಯ ಮೇಲೆ ಹನ್ನೊಂದು ಬ್ರೊಮಿಲಿಯಾಡ್ ಕುಂಡಗಳಿವೆ. ಮೊದಲನೆಯದನ್ನು ತಂದು ಏಳು ವರ್ಷವಾಯಿತು. ಮೈಸೂರಿನ ಹೊರವಲಯದ ನರ್ಸರಿಯೊಂದಕ್ಕೆ ದಾಸವಾಳ ತರಲು ಹೋದವಳು ಇದನ್ನು ನೋಡಿ ನಿಂತುಬಿಟ್ಟಿದ್ದೆ. ಹೂವಿಲ್ಲ, ಬರೀ ಎಲೆ. ನಡುವೆ ಕುಂಕುಮದ ಕೆಂಪು, ಅಂಚಿಗೆ ಬರುತ್ತ ಬರುತ್ತ ತಾಮ್ರ, ಅಲ್ಲಲ್ಲಿ ಯಾರೋ ಉಗುರಿನಿಂದ ಗೀರಿದಂತೆ ಹಳದಿ. ಎಲೆಗಳೆಲ್ಲ ಸುತ್ತಲೂ ಹರಡಿ ನಡುವೆ ಒಂದು ಬಟ್ಟಲು, ಆ ಬಟ್ಟಲಲ್ಲಿ ನೀರು. ನಾನ್ನೂರು ರೂಪಾಯಿ ಅಂದರು. ಚೌಕಾಸಿ ಮಾಡದೆ ಕೊಟ್ಟೆ. ದಾಸವಾಳ ಅಲ್ಲೇ ಉಳಿಯಿತು.

ಮನೆಗೆ ತಂದು ಅದನ್ನು ಮಗುವಿನ ಹಾಗೆ ನೋಡಿಕೊಂಡೆ. ಬಿಸಿಲು ತಾಗದ ಪಡಸಾಲೆಯಲ್ಲಿ ಇಟ್ಟೆ. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಹಾಕಿದೆ. ಗಿಡ ಚೆನ್ನಾಗಿಯೇ ಬೆಳೆಯಿತು. ಆದರೆ ನಾಲ್ಕೈದು ತಿಂಗಳಲ್ಲಿ ಕೆಂಪೆಲ್ಲ ಇಳಿದು ಹೊಸ ಎಲೆಗಳು ಹಸಿರಾಗಿ, ಉದ್ದವಾಗಿ, ಜೋತುಬೀಳತೊಡಗಿದವು. ಹತ್ತಿರದಿಂದ ನೋಡಿದರೆ ಅನಾನಸ್ ಗಿಡ, ದೂರದಿಂದ ನೋಡಿದರೆ ಕಳೆ. ಫೋನಿನಲ್ಲಿ ಫೋಟೋ ತೆಗೆದುಕೊಂಡು ನರ್ಸರಿಗೆ ಹೋದೆ. ಅಲ್ಲಿನವರು ನೋಡಿ ನಕ್ಕರು. "ಮೇಡಂ, ನೀವು ಇದಕ್ಕೆ ಊಟ ಜಾಸ್ತಿ ಹಾಕ್ತಿದೀರ. ಹಸಿವಲ್ಲಿಡಿ, ಬಿಸಿಲಲ್ಲಿಡಿ. ಬಣ್ಣ ತಾನಾಗೇ ಬರುತ್ತೆ."

ಹಾಗೇ ಮಾಡಿದೆ. ಬಣ್ಣ ಬಂತು. ಖುಷಿಯಾಗಿ ಇನ್ನೂ ಹತ್ತು ಕುಂಡ ತಂದೆ. ಆ ಮಾತು ನನ್ನನ್ನು ಚುಚ್ಚಲು ಇನ್ನೂ ಕೆಲವು ವರ್ಷ ಬೇಕಾಯಿತು.

ಅನಾನಸ್ ಅಂದೆನಲ್ಲ, ಅದು ಹೋಲಿಕೆಯ ಮಾತಲ್ಲ. ಎರಡೂ ಒಂದೇ ಕುಟುಂಬದವು. ಶಿರಸಿ, ಬನವಾಸಿ ಕಡೆ ಹೊಲಗಟ್ಟಲೆ ಬೆಳೆಯುವ ಅನಾನಸ್ ಪೋರ್ಚುಗೀಸರ ಜೊತೆ ಹಡಗು ಹತ್ತಿ ಬಂದ ಬ್ರೊಮಿಲಿಯಾಡ್. ಈ ಕುಟುಂಬದಲ್ಲಿ 3,000ಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮ ಆಫ್ರಿಕಾದ ಒಂದನ್ನು ಬಿಟ್ಟರೆ ಎಲ್ಲವೂ ಅಮೆರಿಕ ಖಂಡಗಳವು. ಹಲವು ಮರದ ಕೊಂಬೆಯ ಮೇಲೆ ಕೂತು ಬದುಕುತ್ತವೆ. ನಮ್ಮವರು ನೋಡಿದರೆ ಬಂದಳಿಕೆ ಅನ್ನುತ್ತಾರೆ, ಅದು ತಪ್ಪು. ಬಂದಳಿಕೆ ಮರದ ರಸ ಹೀರುತ್ತದೆ. ಇವು ನಮ್ಮ ಸೀತಾಳೆ ದಂಡೆಯ ಹಾಗೆ ಕೂರಲು ಜಾಗ ಮಾತ್ರ ಕೇಳುತ್ತವೆ. ಬೇರು ಹಿಡಿದುಕೊಳ್ಳುವುದಕ್ಕೆ, ಕುಡಿಯುವುದಕ್ಕೆ ಎಲೆಯ ಬಟ್ಟಲು.

ನನ್ನ ಗಿಡ ನಿಯೊರೆಗೆಲಿಯಾ ಎಂಬ ಗುಂಪಿನದು. ಇದರ ಕೆಂಪು ಆಂಥೋಸಯಾನಿನ್ ಎಂಬ ಬಣ್ಣದಿಂದ ಬರುವುದು. ನೇರಳೆ ಹಣ್ಣಿನಲ್ಲಿ, ಮುರುಗಲ ಹಣ್ಣಿನಲ್ಲಿ ಇರುವುದೂ ಅದೇ. ನಮ್ಮ ಕವಿಗಳು ಶತಮಾನಗಳಿಂದ ಹಾಡಿಕೊಂಡು ಬಂದಿರುವ ಮಾವಿನ ಚೆಂದಳಿರಿನ ಚೆಂಪೂ ಅದೇ. ಎಲೆ ತಾನು ಅಡುಗೆಗೆ ಬಳಸಿಕೊಳ್ಳಬಲ್ಲುದಕ್ಕಿಂತ ಹೆಚ್ಚು ಬೆಳಕು ಬಿದ್ದಾಗ, ಆ ಹೆಚ್ಚುವರಿ ಬೆಳಕು ಎಲೆಯ ಒಳಗನ್ನೇ ಸುಡುತ್ತದೆ. ಆಗ ಗಿಡ ಈ ಕೆಂಪನ್ನು ಕೊಡೆಯ ಹಾಗೆ ಮೇಲೆ ಹಿಡಿಯುತ್ತದೆ. ಸಾರಜನಕ ಸಾಕಷ್ಟು ಸಿಕ್ಕರೆ ಹಸಿರು ತುಂಬಿಕೊಂಡು ಎಲೆ ಉದ್ದವಾಗುತ್ತದೆ. ಸಿಗದಿದ್ದರೆ ಮೋಟಾಗಿ, ಬಿಗಿಯಾಗಿ, ಕೆಂಪಾಗಿ ಉಳಿಯುತ್ತದೆ. ಅಂದರೆ ನಾನು ಚೆಲುವು ಎಂದು ನಾನ್ನೂರು ರೂಪಾಯಿ ಕೊಟ್ಟು ತಂದದ್ದು ಒಂದು ಗಿಡ ಬಿಸಿಲಿಗೆ ಅಡ್ಡ ಹಿಡಿದಿದ್ದ ಕೊಡೆಯನ್ನು.

ಬಿಸಿಲಿಗಿಡುವುದಕ್ಕೂ ಒಂದು ಲೆಕ್ಕವಿದೆ. ನೆರಳಲ್ಲಿದ್ದ ಗಿಡವನ್ನು ಒಮ್ಮೆಗೇ ಬಯಲಿಗೆ ಎಳೆದರೆ ಬಣ್ಣ ಬರುವುದಿಲ್ಲ, ಎಲೆಯ ನಡುವೆ ಬಿಳಿಚಿದ ಕಲೆ ಬೀಳುತ್ತದೆ. ಆಮೇಲೆ ಅದು ಕಂದಾಗಿ ಹಾಗೇ ಉಳಿಯುತ್ತದೆ, ಆ ಎಲೆ ಸಾಯುವವರೆಗೆ ಮಾಯುವುದಿಲ್ಲ. ದಿನಕ್ಕೊಂದು ಗಂಟೆಯಂತೆ ಹೆಚ್ಚಿಸಬೇಕು. ಬೆಳಗಿನ ಬಿಸಿಲು ಹನ್ನೊಂದರವರೆಗೆ ಧಾರಾಳ. ಮಾರ್ಚ್, ಏಪ್ರಿಲ್ ಮಧ್ಯಾಹ್ನಕ್ಕೆ ಶೇಡ್ ನೆಟ್ ಬೇಕು. ಮಣ್ಣು ಬೇಡ. ಇದ್ದಿಲು, ತೆಂಗಿನ ಸಿಪ್ಪೆಯ ಚೂರು, ಸ್ವಲ್ಪ ಜಲ್ಲಿ ಸಾಕು. ಬಟ್ಟಲಿನ ನೀರನ್ನು ವಾರಕ್ಕೊಮ್ಮೆ ಪೈಪಿನಿಂದ ರಭಸವಾಗಿ ಬಿಟ್ಟು ತೊಳೆಯಬೇಕು. ಇಲ್ಲದಿದ್ದರೆ ಸೊಳ್ಳೆ ಮರಿ. ಡೆಂಗಿ ಕಾಲದಲ್ಲಿ ಮನೆಮನೆ ನೋಡಲು ಬರುವ ಆಶಾ ಕಾರ್ಯಕರ್ತೆ ಒಮ್ಮೆ ತಾರಸಿ ಹತ್ತಿ, ಹನ್ನೊಂದು ಬಟ್ಟಲುಗಳನ್ನೂ ಟಾರ್ಚ್ ಬಿಟ್ಟು ನೋಡಿ, "ಇದೇನ್ ಮೇಡಂ, ನೀರು ನಿಲ್ಲಿಸಬೇಡಿ ಅಂತ ನಾವು ಬಡ್ಕೊಂಡ್ರೆ ನೀವು ನೀರು ನಿಲ್ಲೋ ಗಿಡಾನೇ ಸಾಕಿದೀರಲ್ಲ" ಅಂದಿದ್ದರು. ಅವರು ಹೇಳಿದ್ದು ನ್ಯಾಯವೇ. ಆವತ್ತಿನಿಂದ ಶನಿವಾರದ ತೊಳೆತ ತಪ್ಪಿಸಿಲ್ಲ.

ಇನ್ನು ಆ ಚುಚ್ಚಿದ ಮಾತಿಗೆ ಬರುತ್ತೇನೆ.

ನಾನು ಕನ್ನಡ ಪಾಠ ಮಾಡುವವಳು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. (ಇದನ್ನು ಬರೆಯುವ ಮುಂಚೆ ಅವಳನ್ನು ಕೇಳಿದೆ. ಬರೀರಿ, ಹೆಸರು ಬೇಡ, ಊರೂ ಬೇಡ ಅಂದಳು.) ಅಪ್ಪ ತೀರಿಕೊಂಡಿದ್ದರು, ಅಮ್ಮ ಕೂಲಿಗೆ ಹೋಗುತ್ತಿದ್ದರು. ಇವಳು ಕಾಲೇಜು ಮುಗಿಸಿ ಒಂದು ಬಟ್ಟೆ ಅಂಗಡಿಯಲ್ಲಿ ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತೂವರೆವರೆಗೆ ಸೀರೆ ತೋರಿಸುವ ಕೆಲಸ ಮಾಡುತ್ತಿದ್ದಳು. ಭಾನುವಾರ ಇಡೀ ದಿನ. ಅಲ್ಲಿ ಕೂರುವಂತಿರಲಿಲ್ಲ. ಗಿರಾಕಿ ಇರಲಿ, ಇಲ್ಲದಿರಲಿ, ನಿಂತೇ ಇರಬೇಕು.

ಅವಳು ಕವಿತೆ ಬರೆಯುತ್ತಿದ್ದಳು. ವಯಸ್ಸಿಗೆ ಬರುವ ಕವಿತೆಗಳಲ್ಲ. ಮೊದಲ ಸಲ ಅವಳ ನೋಟ್‌ಬುಕ್ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾವಿರ ಸೀರೆ ಬಿಚ್ಚಿ ಮಡಚಿದ ಕೈಗಳ ಬಗ್ಗೆ ಒಂದು, ಕನ್ನಡಿಯಲ್ಲಿ ಗಿರಾಕಿಯ ಭುಜದ ಹಿಂದೆ ಕಾಣುವ ತನ್ನ ಮುಖದ ಬಗ್ಗೆ ಇನ್ನೊಂದು. ಕಾಲೇಜಿನ ಪತ್ರಿಕೆಯಲ್ಲಿ ಹಾಕಿಸಿದೆ, ತರಗತಿಯಲ್ಲಿ ಓದಿಸಿದೆ, ಬೇರೆ ಕಾಲೇಜಿನ ಗೆಳತಿಯರಿಗೆ ಕಳಿಸಿದೆ. ಎರಡನೇ ವರ್ಷದ ನಡುವೆ ಒಂದು ದಿನ ಅವಳು ಸ್ಟಾಫ್ ರೂಮಿಗೆ ಬಂದು, "ಮೇಡಂ, ಕಾಲು ಊದ್ಕೊಳ್ತಿದೆ, ಅಂಗಡಿ ಬಿಡೋಣ ಅಂತಿದೀನಿ. ಕೂತು ಮಾಡೋ ಕೆಲಸ ಎಲ್ಲಾದ್ರೂ ಇದ್ರೆ ಹೇಳ್ತೀರಾ?" ಅಂದಳು. ನನಗೆ ಗೊತ್ತಿರುವ ಪ್ರೆಸ್ಸಿನವರೊಬ್ಬರು ಕರಡು ತಿದ್ದುವವರು ಬೇಕೆಂದು ಕೇಳಿದ್ದರು. ಆ ವಿಷಯ ನನಗೆ ಆ ಕ್ಷಣ ನೆನಪಿತ್ತು. ಆದರೂ ನಾನು ಹೇಳಿದ್ದು ಇಷ್ಟು: "ನೋಡೋಣಮ್ಮ. ಆದರೆ ಒಂದು ಮಾತು, ಈ ಅನುಭವವೇ ನಿನ್ನ ಬಂಡವಾಳ."

ಪ್ರೆಸ್ಸಿನವರಿಗೆ ಫೋನ್ ಮಾಡಲಿಲ್ಲ. ಮರೆತೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಮರೆತಿರಲಿಲ್ಲ, ಅವಸರ ಮಾಡಲಿಲ್ಲ ಅಷ್ಟೇ. ಅಷ್ಟರಲ್ಲಿ ಅವರಿಗೆ ಬೇರೆ ಯಾರೋ ಸಿಕ್ಕರು. ಅವಳು ಇನ್ನೊಂದು ವರ್ಷ ಆ ಅಂಗಡಿಯಲ್ಲೇ ನಿಂತಳು. ಆ ವರ್ಷದ ಕವಿತೆಗಳು ಎಲ್ಲಕ್ಕಿಂತ ಚೆನ್ನಾಗಿದ್ದವು. ಊದಿದ ಪಾದದ ಬಗ್ಗೆ ಬರೆದದ್ದನ್ನು ನಾನೇ ಒಂದು ಸಭೆಯಲ್ಲಿ ಓದಿದೆ. ಓದುತ್ತ ನನ್ನ ಗಂಟಲು ಕಟ್ಟಿತು, ಜನ ಚಪ್ಪಾಳೆ ತಟ್ಟಿದರು. ಅವಳು ಆ ಸಭೆಗೆ ಬಂದಿರಲಿಲ್ಲ. ಅವತ್ತು ಭಾನುವಾರ.

ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಂದವು. ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಹೋರಾಡಿದ್ದರಿಂದ ಕೇರಳದಲ್ಲಿ ಅದು ಬಂತು. ಒಂದು ಸ್ಟೂಲಿಗಾಗಿ ಕಾನೂನು. ಸ್ಟೂಲ್ ಇದ್ದಿದ್ದರೆ ಊದಿದ ಪಾದದ ಕವಿತೆ ಬರುತ್ತಿರಲಿಲ್ಲ, ಆದ್ದರಿಂದ ಸ್ಟೂಲ್ ಬೇಡ ಎಂದು ಯಾರಾದರೂ ವಾದಿಸಿದರೆ ಅವರನ್ನು ನಾವು ಕಲ್ಲೆದೆಯವರು ಅನ್ನುತ್ತೇವೆ. ನಾನು ವಾದಿಸಲಿಲ್ಲ. ಫೋನ್ ಮಾಡಲಿಲ್ಲ.

ಸಾಹಿತ್ಯದವರಿಗೆ ಇಂಥ ಕಡೆ ಒರಗಿಕೊಳ್ಳಲು ದೊಡ್ಡ ಗೋಡೆಗಳಿವೆ. ಕ್ರೌಂಚದ ಜೋಡಿಯಲ್ಲೊಂದು ಬೇಡನ ಬಾಣಕ್ಕೆ ಬಿದ್ದಿತು, ವಾಲ್ಮೀಕಿಯ ಶೋಕ ಶ್ಲೋಕವಾಯಿತು ಎಂಬಲ್ಲಿಂದ ನಮ್ಮ ಪಾಠ ಶುರುವಾಗುತ್ತದೆ. ನಾನೇ ಎಷ್ಟು ಸಲ ಅದನ್ನು ಹೇಳಿದ್ದೇನೋ. ಆದರೆ ಆ ಕಥೆಯಲ್ಲಿ ವಾಲ್ಮೀಕಿ ಮೊದಲು ಮಾಡಿದ್ದು ಬೇಡನಿಗೆ ಶಾಪ ಕೊಟ್ಟದ್ದು. ಬಾಣ ಬಿಟ್ಟದ್ದರಿಂದ ಒಂದು ಮಹಾಕಾವ್ಯ ಸಿಕ್ಕಿತಲ್ಲ, ಆದ್ದರಿಂದ ಬಾಣ ಒಳ್ಳೆಯದು ಎಂದು ಆ ಋಷಿಗೆ ಅನ್ನಿಸಲಿಲ್ಲ. ಹಾಗೆ ಅನ್ನಿಸುವುದು ನಮಗೆ, ರಸಿಕರಿಗೆ, ಹಕ್ಕಿ ಸತ್ತು ಸಾವಿರಾರು ವರ್ಷವಾದ ಮೇಲೆ. ಬೇಂದ್ರೆಯವರು ಮಕ್ಕಳನ್ನು ಕಳೆದುಕೊಂಡವರು. ಪಾಡು ಯಾರದು, ಹಾಡು ಯಾರಿಗೆ ಎಂಬ ಗೆರೆ ಅವರಿಗೆ ಸ್ಪಷ್ಟವಿತ್ತು. ಪಾಡನ್ನು ಒಳಗಿಟ್ಟುಕೊಂಡು ಹಾಡನ್ನು ಹೊರಗೆ ಕೊಡುವುದು ಕವಿಯ ದೊಡ್ಡತನ. ಇನ್ನೊಂದು ಹಾಡು ಬೇಕೆಂದು ಪಾಡನ್ನು ಮುಂದುವರಿಸಲು ಹೇಳುವುದು ಏನು?

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳು ನನಗೂ ಗೊತ್ತು. ಮೊದಲನೆಯದು, ಬಿಸಿಲೇ ಕಷ್ಟವೇ? ಅಲ್ಲ. ರಿಯೋ ಡಿ ಜನೈರೋ ಸುತ್ತಲಿನ ಬೆಟ್ಟಗಳಲ್ಲಿ ಅಲ್ಕಾಂಟಾರಿಯಾ ಇಂಪೀರಿಯಾಲಿಸ್ ಎಂಬ ದೈತ್ಯ ಬ್ರೊಮಿಲಿಯಾಡ್ ಬರೀ ಬಂಡೆಯ ಮೇಲೆ, ನೆತ್ತಿಯ ಬಿಸಿಲಿಗೆ ಬೆಳೆಯುತ್ತದೆ. ಅದಕ್ಕೆ ಅದೇ ತವರು. ಬ್ರೆಜಿಲಿನ ರಾಬರ್ಟೊ ಬರ್ಲೆ ಮಾರ್ಕ್ಸ್ ತಮ್ಮ ನಾಡಿನ ಇಂಥ ಕಾಡುಗಿಡಗಳನ್ನು ತಂದು ತೋಟಗಳಲ್ಲಿ ನೆಟ್ಟವರು. ಆ ಗಿಡಗಳ ಚೆಲುವು ಅವರ ಕಣ್ಣಿಗೆ ಬಿದ್ದದ್ದು 1928ರಲ್ಲಿ, ಬರ್ಲಿನ್ನಿನ ಸಸ್ಯೋದ್ಯಾನದ ಗಾಜಿನ ಮನೆಯಲ್ಲಂತೆ. ತನ್ನೂರಿನ ಗಿಡವನ್ನು ಪರದೇಶದಲ್ಲಿ ಕಂಡು ಬೆರಗಾಗುವುದು ನಮಗೂ ಹೊಸದೇನಲ್ಲ. 1949ರಲ್ಲಿ ಅವರು ಗ್ವಾರಾಟಿಬಾದಲ್ಲಿ ಕೊಂಡ ಜಮೀನು, ಅಲ್ಲಿ ಅವರು ಕೂಡಿಹಾಕಿದ ಗಿಡಗಳು ಈಗ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಅಲ್ಲಿನ ಬಂಡೆಯ ಗಿಡವನ್ನು ತಂದು ನೆರಳಿಗಿಡುವುದೇ ಅದಕ್ಕೆ ಹಿಂಸೆಯಾದೀತು. ಹಾಗಾಗಿ ಬಿಸಿಲಿಗಿಟ್ಟವರೆಲ್ಲ ಕಟುಕರು, ನೆರಳಿಗಿಟ್ಟವರೆಲ್ಲ ಕರುಣಾಳುಗಳು ಎಂದೇನಿಲ್ಲ. ಕತ್ತಲೆಯ ಮೂಲೆಯಲ್ಲಿಟ್ಟ ಬ್ರೊಮಿಲಿಯಾಡ್ ಕೊಳೆತೂ ಹೋಗುತ್ತದೆ.

ನನ್ನ ತಾರಸಿಯ ಗಿಡಗಳ ತವರು ಯಾವುದು? ಹುಡುಕಿ ನೋಡಿದೆ. ಅವು ಮಿಶ್ರತಳಿಗಳು. ಬಣ್ಣ ಹೆಚ್ಚಿದ್ದ ಒಂದನ್ನು ಬಣ್ಣ ಹೆಚ್ಚಿದ್ದ ಇನ್ನೊಂದಕ್ಕೆ ಕೂಡಿಸಿ, ಹುಟ್ಟಿದವುಗಳಲ್ಲಿ ಪೆಚ್ಚಾದವನ್ನು ಎಸೆದು, ಮತ್ತೆ ಕೂಡಿಸಿ ಮಾಡಿದವು. ಅವುಗಳಿಗೆ ಮರಳಿ ಹೋಗಲು ಯಾವ ಕಾಡೂ ಇಲ್ಲ. ನೋಡುವವರ ಕಣ್ಣೇ ಅವುಗಳ ತವರು. ಜಮೈಕಾದಲ್ಲಿ ಒಂದು ಪುಟ್ಟ ಏಡಿ ಇದೆ. ಬ್ರೊಮಿಲಿಯಾಡಿನ ಎಲೆಸಂದಿಯ ನೀರಿನಲ್ಲಿ ಮರಿ ಮಾಡುತ್ತದೆ. ತಾಯಿ ಏಡಿ ಆ ನೀರಿಗೆ ಬಿದ್ದ ತರಗೆಲೆ ತೆಗೆದುಹಾಕುತ್ತದೆ, ಮರಿಗಳಿಗೆ ಸುಣ್ಣದಂಶ ಬೇಕೆಂದು ಬಸವನಹುಳುವಿನ ಖಾಲಿ ಚಿಪ್ಪುಗಳನ್ನು ತಂದು ಹಾಕುತ್ತದೆ. ಆ ಏಡಿಗೆ ಎಲೆ ಕೆಂಪಿದ್ದರೇನು, ಹಸಿರಿದ್ದರೇನು. ನೀರು ನಿಂತರೆ ಸಾಕು. ಪಡಸಾಲೆಯಲ್ಲಿ ನಾನು ಕಳೆ ಅಂದುಕೊಂಡ ಆ ಉದ್ದೆಲೆಯ ಗಿಡದ ಬಟ್ಟಲಲ್ಲೂ ನೀರು ನಿಂತೇ ಇತ್ತು.

ಎರಡನೆಯ ಮಾತು ಇನ್ನೂ ಗಟ್ಟಿ. ಕಷ್ಟವಿಲ್ಲದೆ ಕಲೆ ಉಂಟೇ ಎನ್ನುತ್ತಾರೆ. ನಾನು ಮೈಸೂರಿನವಳು, ನನಗೆ ಇದಕ್ಕೆ ಉತ್ತರ ಮನೆಯ ಹಿತ್ತಲಲ್ಲೇ ಇದೆ. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ಗಂಡ ಹೆಂಡತಿಯ ಸುಖದ ಪುಸ್ತಕ. ಇಷ್ಟು ವರ್ಷ ಎಷ್ಟು ಮನೆಗಳಲ್ಲಿ ಅದನ್ನು ಹಾಡಿದ್ದಾರೆ. ಅದನ್ನು ಹಗುರ ಅಂದ ವಿಮರ್ಶಕರೂ ಇದ್ದರು. ನಾನು ಓದುತ್ತಿದ್ದ ಕಾಲಕ್ಕೆ ನಮ್ಮ ಗುಂಪಿನಲ್ಲಿ ಆ ಪುಸ್ತಕ ಇಷ್ಟ ಎಂದು ಹೇಳಲು ಸ್ವಲ್ಪ ನಾಚಿಕೆಯಾಗುತ್ತಿತ್ತು. ಸುಖವನ್ನು ಬರೆಯುವುದು ಸುಲಭ, ನೋವನ್ನು ಬರೆಯುವುದು ಆಳ ಎಂಬ ಲೆಕ್ಕ ನನ್ನ ತಲೆಯೊಳಗೆ ಕೂತದ್ದು ಬಹುಶಃ ಆವಾಗ. ಆ ಲೆಕ್ಕದಲ್ಲೇ ನಾನು ಮುಂದೆ ಮಾರ್ಕ್ಸ್ ಕೊಟ್ಟೆ, ಬಹುಮಾನ ಕೊಟ್ಟೆ, ಮಕ್ಕಳಿಗೆ ಹೇಗೆ ಬರೆಯಬೇಕೆಂದು ಹೇಳಿಕೊಟ್ಟೆ.

ಹೂವಿನ ವಿಷಯ ಹೇಳಲಿಲ್ಲ. ನಿಯೊರೆಗೆಲಿಯಾ ಬಾಳೆಯ ಹಾಗೆ. ಒಂದು ಗಿಡಕ್ಕೆ ಒಂದೇ ಸಲ ಹೂ. ಬಟ್ಟಲಿನ ತಳದಲ್ಲಿ, ನೀರಿನ ಮಟ್ಟದಲ್ಲಿ ಸಣ್ಣ ನೇರಳೆ ಹೂಗಳು ಬರುತ್ತವೆ. ಹೂ ಬಿಡುವ ಹೊತ್ತಿಗೆ ನಡುವಿನ ಎಲೆಗಳು ಇನ್ನಷ್ಟು ಕೆಂಪೇರುತ್ತವೆ. ಆಮೇಲೆ ತಾಯಿ ಗಿಡ ಒಂದೆರಡು ವರ್ಷದಲ್ಲಿ ಬುಡದಲ್ಲಿ ಕಂದುಗಳನ್ನಿಟ್ಟು ಮೆಲ್ಲಗೆ ಸಾಯುತ್ತದೆ. ಈ ಹೂವನ್ನು ಅವಸರಪಡಿಸಲು ಒಂದು ಉಪಾಯವಿದೆ. ಮಾಗಿದ ಸೇಬಿನ ಜೊತೆ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಕಟ್ಟಿಟ್ಟರೆ ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಗಿಡ ಹೂ ಬಿಡಲು ತೊಡಗುತ್ತದೆ. ಅನಾನಸ್ ಬೆಳೆಗಾರರು ಎಲ್ಲ ಗಿಡಗಳೂ ಒಟ್ಟಿಗೆ ಕಾಯಿ ಬಿಡಲೆಂದು ಸುಳಿಗೆ ಎಥ್ರೆಲ್ ಹುಯ್ಯುವುದೂ ಇದಕ್ಕೇ. ಅವರದು ಹೊಟ್ಟೆಪಾಡು. ನಾನು ಒಮ್ಮೆ ಸೇಬು ಇಟ್ಟು ಕಟ್ಟಿದ್ದು ಮನೆಗೆ ನೆಂಟರು ಬರುವವರಿದ್ದರು ಎಂಬ ಕಾರಣಕ್ಕೆ. ಹೂ ಬಂತು, ನೆಂಟರು ಬಂದು ಹೋಗಿ ತಿಂಗಳಾದ ಮೇಲೆ.

ಓದು ಮುಗಿಸಿ, ಪರೀಕ್ಷೆ ಬರೆದು, ಆ ಹುಡುಗಿಗೆ ಸರ್ಕಾರಿ ಗುಮಾಸ್ತೆಯ ಕೆಲಸ ಸಿಕ್ಕಿತು. ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋದಳು. ಮೂರು ವರ್ಷದ ಹಿಂದೆ ದಸರಾ ರಜೆಯಲ್ಲಿ ನಮ್ಮ ಮನೆಗೆ ಬಂದಳು. ಕೆನ್ನೆ ತುಂಬಿಕೊಂಡಿತ್ತು, ನಗು ಜೋರಾಗಿತ್ತು. ಕಾಫಿ ಕೊಟ್ಟು ಕೂರಿಸಿ ನಾನು ಕೇಳಿದ ಮೊದಲ ಪ್ರಶ್ನೆ, "ಬರೀತಿದೀಯೇನಮ್ಮ?"

"ಇಲ್ಲ ಮೇಡಂ. ಈಗ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ," ಅಂದಳು.

ನನಗೆ ನಿರಾಸೆಯಾಯಿತು. ಒಬ್ಬಳು ಹೆಣ್ಣುಮಗಳಿಗೆ ಚೆನ್ನಾಗಿ ನಿದ್ದೆ ಬರುತ್ತದೆ ಎಂಬ ಸುದ್ದಿಗೆ ನಿರಾಸೆ. ಅದು ನನ್ನ ಮುಖದ ಮೇಲೆ ಬಂದಿರಬೇಕು, ಅವಳು ಮಾತು ಬದಲಿಸಿ "ತಾರಸಿ ತೋರಿಸಿ ಮೇಡಂ" ಅಂದಳು. ಮೇಲೆ ಹೋಗಿ ಕುಂಡಗಳನ್ನು ತೋರಿಸಿದೆ. ಅವಳು ಮುಟ್ಟಿ ನೋಡಿ, ಬಣ್ಣ ಹೇಗೆ ಬರುತ್ತದೆ ಎಂದು ಕೇಳಿದಳು. ನಾನು ನರ್ಸರಿಯವರ ಮಾತನ್ನೇ ಹೇಳಲು ಬಾಯಿ ತೆರೆದೆ. ಹಸಿವಲ್ಲಿಡಬೇಕು, ಬಿಸಿಲಲ್ಲಿಡಬೇಕು. ವಾಕ್ಯ ಅರ್ಧಕ್ಕೆ ನಿಂತಿತು. ಅವಳಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಒಂದು ಕಂದು ಕೇಳಿದಳು, ಕಿತ್ತು ಪೇಪರಿನಲ್ಲಿ ಸುತ್ತಿ ಕೊಟ್ಟೆ.

ಈ ವರ್ಷ ಫೆಬ್ರವರಿಯಲ್ಲಿ ಅವಳ ಮೆಸೇಜ್ ಬಂತು, ಜೊತೆಗೆ ಒಂದು ಫೋಟೋ. ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ನಮ್ಮ ಗಿಡ, ಉದ್ದುದ್ದ ಎಲೆ ಬಿಟ್ಟು ಪೂರ್ತಿ ಹಸಿರಾಗಿದೆ. "ಕೆಂಪು ಹೋಯ್ತು ಮೇಡಂ, ಆದ್ರೆ ಮೂರು ಮರಿ ಹಾಕಿದೆ" ಎಂದು ಬರೆದಿದ್ದಳು. ಫೋನ್ ಮಾಡಿದೆ. ಗಿಡದ ಮಾತು ಮುಗಿದ ಮೇಲೆ, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿದೆ. ಆ ಪ್ರೆಸ್ಸಿನ ವಿಷಯ ಹೇಳಿದೆ. ಆವತ್ತೇ ನಿನ್ನನ್ನು ಆ ಅಂಗಡಿಯಿಂದ ಬಿಡಿಸಬೇಕಿತ್ತು ಅಲ್ಲವಾ ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬಿಡಿಸಬೇಕಿತ್ತು ಮೇಡಂ" ಅಂದಳು. ಪರವಾಗಿಲ್ಲ ಬಿಡಿ ಅಂದಾಳು ಎಂದು ನಾನು ಕಾದಿದ್ದೆನೋ ಏನೋ. ಅನ್ನಲಿಲ್ಲ. ಆಮೇಲೆ ತಾನಾಗೇ ಮುಂದುವರಿಸಿದಳು. "ಆದ್ರೆ ಮೇಡಂ, ಆ ಅಂಗಡೀಲಿ ನನ್ನ ಜೊತೆ ಹದಿನಾರು ಹುಡುಗೀರು ನಿಂತಿದ್ರು. ಎಲ್ಲರ ಕಾಲೂ ಊದ್ಕೊಂಡಿತ್ತು. ಅವರ್ಯಾರೂ ಕವಿತೆ ಬರೀಲಿಲ್ಲ. ಬರೆದಿದ್ದು ನಾನು, ಅಂಗಡಿ ಅಲ್ಲ."

ನನ್ನ ತಾರಸಿಯಲ್ಲೇ ಇದಕ್ಕೆ ಸಾಕ್ಷಿ ಇತ್ತು. ಒಂದು ಬೇಸಿಗೆಯಲ್ಲಿ, ಬ್ರೊಮಿಲಿಯಾಡಿಗೆ ಬಣ್ಣ ಬರುತ್ತಿದೆಯೆಂಬ ಉತ್ಸಾಹದಲ್ಲಿ, ಪೀಸ್ ಲಿಲಿಯ ಎರಡು ಕುಂಡಗಳನ್ನೂ ಅದೇ ಸಾಲಿನಲ್ಲಿಟ್ಟಿದ್ದೆ. ಅದೇ ಬಿಸಿಲು, ಅದೇ ನೀರು. ಹತ್ತು ದಿನದಲ್ಲಿ ಅವು ಸುಟ್ಟುಹೋದವು. ಅವನ್ನು ಬುಟ್ಟಿಗೆ ಹಾಕಿ ಕೆಳಗಿಳಿಸಿದ್ದೂ ನಾನೇ. ಅವುಗಳ ಫೋಟೋ ತೆಗೆದಿರಲಿಲ್ಲ, ಯಾರಿಗೂ ತೋರಿಸಿರಲಿಲ್ಲ. ಆ ಹದಿನಾರು ಹುಡುಗಿಯರಲ್ಲಿ ನನ್ನ ಕಾಲೇಜಿನವರು ಇನ್ನಿಬ್ಬರಿದ್ದರೆಂದು ಅವಳು ಹೇಳಿದ ಮೇಲೆ ಗೊತ್ತಾಯಿತು. ಒಬ್ಬಳು ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟಳಂತೆ. ಹೆಸರು ಹೇಳಿದಳು. ಮುಖ ನೆನಪಿಗೆ ಬರಲಿಲ್ಲ.

ಮಾರ್ಚ್ ಮೊದಲ ವಾರ ಶೇಡ್ ನೆಟ್ ಕಟ್ಟಿಸುವವನು ಬಂದಿದ್ದ. ಅರ್ಧ ತಾರಸಿಗಾ, ಪೂರ್ತಿಗಾ ಎಂದು ಕೇಳಿದ. ಪೂರ್ತಿ ಕಟ್ಟಿದರೆ ಜೂನ್ ಹೊತ್ತಿಗೆ ಕೆಂಪು ಇಳಿಯುತ್ತದೆ, ನನಗೆ ಗೊತ್ತು. ಯಾರಾದರೂ ಬಂದವರು "ಹೋದ ವರ್ಷ ಎಷ್ಟು ಚೆನ್ನಾಗಿತ್ತಲ್ಲ" ಅನ್ನುತ್ತಾರೆ. ಗಿಡವನ್ನಂತೂ ಕೇಳುವ ಹಾಗಿಲ್ಲ. ಅರ್ಧಕ್ಕೆ ಕಟ್ಟಿಸಿದೆ. ಆರು ಕುಂಡ ಬಲೆಯ ಕೆಳಗೆ, ಐದು ಹೊರಗೆ. ಯಾವ ಆರು ಎಂದು ಆರಿಸಲು ಇಡೀ ಬೆಳಗು ಹಿಡಿಯಿತು. ಹೊರಗಿನ ಐದರಲ್ಲಿ ಎರಡನ್ನು ಮಾರನೆಯ ದಿನವೇ ಒಳಗೆ ಸರಿಸಿದೆ.

ಅವಳು ಕೊರಿಯರ್‌ನಲ್ಲಿ ಒಂದು ಮರಿ ಕಳಿಸುತ್ತೇನೆ ಅಂದಿದ್ದಾಳೆ. ಎಲ್ಲಿಡಲಿ ಎಂದು ಈ ಸಲ ನಾನು ಕೇಳಿದೆ. "ನಿಮ್ಮ ಅಡುಗೆಮನೆ ಕಿಟಕೀಲಿ ಜಾಗ ಇದೆಯಾ ಮೇಡಂ?" ಅಂದಳು. ಕಿಟಕಿಯಲ್ಲಿ ಉಪ್ಪಿನಕಾಯಿ ಜಾಡಿಗಳಿದ್ದವು. ತೆಗೆದಿಟ್ಟಿದ್ದೇನೆ.